ಹತ್ತು ಬೈ ಹನ್ನೆರಡು

ನಮ್ಮ ಸೊಸೈಟಿ ರೀಡೆವಲಪ್‌ಮೆಂಟಿಗೆ ಹೋಗಿದೆ. ಮುಂಬಯಿಯ ಮುಲುಂಡ್ ಪೂರ್ವದಲ್ಲಿ ಈ ಮಾತು ಹೇಳಿದರೆ ಎದುರಿಗಿದ್ದವರು ಕೇಳುವುದು ಎರಡೇ ಪ್ರಶ್ನೆ. ಬಿಲ್ಡರ್ ಎಷ್ಟು ಪರ್ಸೆಂಟ್ ಜಾಗ ಜಾಸ್ತಿ ಕೊಡುತ್ತಾನೆ? ಕಾರ್ಪಸ್ ಹಣ ಎಷ್ಟು? ಮನೆ ಖಾಲಿ ಮಾಡಿ ಎಲ್ಲಿಗೆ ಹೋಗುತ್ತೀರಿ ಎಂದು ಕೇಳುವವರು ಕಡಿಮೆ. 1987ರಲ್ಲಿ ಕಟ್ಟಿದ, ಮೂರು ಮಾಳಿಗೆಯ, ಲಿಫ್ಟಿಲ್ಲದ ಈ ಕಟ್ಟಡದ ಜಾಗದಲ್ಲಿ ಇಪ್ಪತ್ತೆರಡು ಮಾಳಿಗೆಯದು ಬರುತ್ತದಂತೆ. ನನ್ನ ಮಂಡಿಗಳಿಗಂತೂ ಲಿಫ್ಟ್ ಎಂಬ ಶಬ್ದವೇ ಔಷಧಿಯ ಹಾಗೆ ಕೇಳಿಸುತ್ತದೆ.

ಕಳೆದ ತಿಂಗಳು ಒಂದು ಭಾನುವಾರ ಸಂಜೆ ಟೆರೇಸಿನಲ್ಲಿ ಮೀಟಿಂಗ್. ನೀರಿನ ಟಾಂಕಿಯ ಪೈಪುಗಳ ನಡುವೆ ಬಿಳಿ ಬೆಡ್‌ಶೀಟ್ ಕಟ್ಟಿ, ಅದರ ಮೇಲೆ ನಕ್ಷೆ ಬಿಟ್ಟು ತೋರಿಸಿದರು. ಆರ್ಕಿಟೆಕ್ಟ್ ಹುಡುಗಿ ಚೂಟಿಯಾಗಿದ್ದಳು. ಇದು ಮಾಸ್ಟರ್ ಬೆಡ್‌ರೂಮ್, ಇದು ಡ್ರೈ ಬಾಲ್ಕನಿ, ಇದು ಪೋಡಿಯಂ ಎಂದು ಕೋಲು ಇಟ್ಟು ಹೇಳುತ್ತಿದ್ದಳು. ಹೆಂಗಸರೆಲ್ಲ ಅಡುಗೆಮನೆಯ ಕಿಟಕಿ ಯಾವ ದಿಕ್ಕಿಗೆ ಎಂದು ನೋಡುತ್ತಿದ್ದರೆ ನನ್ನ ಮಗನ ಕಣ್ಣು ಪಾರ್ಕಿಂಗಿನ ಮೇಲೆಯೇ ನೆಟ್ಟಿತ್ತು. ಹೋದ ವರ್ಷ ಅವನು ಕರೆಂಟಿನ ಕಾರು ಕೊಂಡಿದ್ದಾನೆ. ಹಸಿರು ನಂಬರ್ ಪ್ಲೇಟಿನ ಮೇಲೆ ಬಿಳಿ ಅಕ್ಷರ. ಕಂಪೌಂಡಿನಲ್ಲಿ ಚಾರ್ಜ್ ಮಾಡುವ ವ್ಯವಸ್ಥೆ ಇಲ್ಲದ್ದರಿಂದ ಒಮ್ಮೆ ಎರಡನೇ ಮಾಳಿಗೆಯ ನಮ್ಮ ಕಿಟಕಿಯಿಂದ ವೈರು ಇಳಿಬಿಟ್ಟು, ಸೆಕ್ರೆಟರಿಯಿಂದ ಬೈಸಿಕೊಂಡು, ಈಗ ಆಫೀಸಿನಲ್ಲೇ ಚಾರ್ಜ್ ಮಾಡಿಕೊಂಡು ಬರುತ್ತಾನೆ.

"ಒಂದೊಂದು ಪಾರ್ಕಿಂಗಿಗೆ ಎಷ್ಟು ಜಾಗ?" ಎಂದು ಕೇಳಿದ.

"2.5 ಬೈ 5.5 ಮೀಟರ್, ಸರ್."

ನಾನು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಮೂವತ್ತಾರು ವರ್ಷ ಪಾಠ ಮಾಡಿದವಳು. ಯಾರಾದರೂ ಅಂಕಿ ಹೇಳಿದರೆ ಬೆರಳು ತಾನಾಗಿ ಮಡಿಚುತ್ತದೆ. 13.75 ಚದರ ಮೀಟರ್, ಅಂದರೆ ಹತ್ತಿರ ಹತ್ತಿರ 148 ಚದರ ಅಡಿ. ಆಮೇಲೆ ಹುಡುಗಿ ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ನಾನು ಬೆಳೆದ, ಲಾಲ್‌ಬಾಗಿನ ಚಾಳಿನ ನಮ್ಮ ಖೋಲಿ ಹತ್ತು ಬೈ ಹನ್ನೆರಡು ಅಡಿಯದಾಗಿತ್ತು. 120 ಚದರ ಅಡಿ.

ಆ ಖೋಲಿಯ ಒಂದು ಮೂಲೆಯಲ್ಲಿ ಮೋರಿ. ಪಾತ್ರೆ ತೊಳೆಯುವುದು, ಸ್ನಾನ, ರಾತ್ರಿ ಚಿಕ್ಕ ಮಕ್ಕಳ ಒಂದಕ್ಕೆ, ಎಲ್ಲ ಅಲ್ಲೇ. ಮೋರಿಯ ಪಕ್ಕದಲ್ಲಿ ಸೀಮೆಎಣ್ಣೆ ಸ್ಟವ್, ಅದರ ಮೇಲೆ ಅಟ್ಟ, ಅಟ್ಟದ ಮೇಲೆ ಊರಿನಿಂದ ಬಂದ ಕುಚ್ಚಲಕ್ಕಿ ಮತ್ತು ಯಾರೂ ಬಿಚ್ಚದ ಒಂದು ಹಿತ್ತಾಳೆಯ ಹಂಡೆ. ಸಂಡಾಸ್ ಗ್ಯಾಲರಿಯ ಕೊನೆಯಲ್ಲಿ, ಮಾಳಿಗೆಯವರಿಗೆಲ್ಲ ಸೇರಿ. ಮಲಗುವವರು ಅಮ್ಮ, ನಾವು ನಾಲ್ಕು ಮಕ್ಕಳು, ಮತ್ತು ಹೋಟೆಲಿನ ಕೆಲಸ ಮುಗಿಸಿ ನಡುರಾತ್ರಿ ಬರುತ್ತಿದ್ದ ಚಿಕ್ಕಪ್ಪ. ಚಿಕ್ಕಪ್ಪನ ಕಾಲು ಸ್ಟವ್ವಿನ ಕೆಳಗೆ ಹೋಗುತ್ತಿತ್ತು. ಊರಿನಿಂದ ಯಾರಾದರೂ ಕೆಲಸ ಹುಡುಕಿಕೊಂಡು ಬಂದರೆ ಅವರಿಗೆ ಗ್ಯಾಲರಿ.

ಅಪ್ಪಯ್ಯ ಕೆಳಗೆ ಟ್ಯಾಕ್ಸಿಯಲ್ಲಿ ಮಲಗುತ್ತಿದ್ದರು.

ಹಳೆಯ ಫಿಯೆಟ್ ನೋಡಿದವರಿಗೆ ಗೊತ್ತು, ಅದರ ಮುಂದಿನ ಸೀಟು ಈಗಿನವುಗಳಂತೆ ಎರಡು ತುಂಡಲ್ಲ, ಒಂದೇ ಉದ್ದದ ಬೆಂಚು. ಗೇರು ಸ್ಟೇರಿಂಗಿನ ಕಂಬಕ್ಕೆ ಅಂಟಿಕೊಂಡಿರುತ್ತಿತ್ತು. ಹಾಗಾಗಿ ಐದೂಕಾಲು ಅಡಿಯ ಮನುಷ್ಯ ಮೊಣಕಾಲು ಮಡಿಚಿದರೆ ಆರಾಮ ಮಲಗಬಹುದು. ಆರಾಮ ಎನ್ನುವುದು ಅಪ್ಪಯ್ಯನ ಮಾತು. ಗಾಡಿಯ ಮೇಲಿನ ಪ್ರೀತಿಯಿಂದ, ಕಳ್ಳರು ವೈಪರ್ ಬಿಚ್ಚಿಕೊಂಡು ಹೋದಾರು ಎಂಬ ಭಯದಿಂದ ಅವರು ಅಲ್ಲಿ ಮಲಗುತ್ತಾರೆ ಎಂದೇ ನಾವು ತಿಳಿದಿದ್ದೆವು. ಎಂಟನೆಯ ತರಗತಿಯಲ್ಲಿದ್ದಾಗ ಒಮ್ಮೆ ಕೇಳಿದೆ. "ಅಲ್ಲ್ ಗಾಳಿ ಬತ್ತ್ ಮಗಾ" ಎಂದರು. ನಮ್ಮ ಖೋಲಿಯಲ್ಲಿ ಏಳನೆಯವರಿಗೆ ಜಾಗವೇ ಇರಲಿಲ್ಲ ಎನ್ನುವುದು ನನಗೆ ಹೊಳೆದದ್ದು ನನ್ನ ಮದುವೆಯಾದ ಮೇಲೆ, ಗಂಡನ ಮನೆಯಲ್ಲಿ ಮಂಚದ ಮೇಲೆ ಮಲಗಿ ಕೈಕಾಲು ಚಾಚಿದ ರಾತ್ರಿ.

ಅಪ್ಪಯ್ಯ ಕುಂದಾಪುರದ ಹತ್ತಿರದ ಹಳ್ಳಿಯಿಂದ 1951ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ಹೋಟೆಲ್ ಮಾಣಿಯಾಗಿ ಬಂದವರು. ಹಗಲು ಲೋಟ ತೊಳೆದು ರಾತ್ರಿ ಶಾಲೆಗೆ ಹೋಗಿ ಏಳನೆಯ ತರಗತಿಯವರೆಗೆ ಓದಿದರು. ನಮ್ಮ ಕಡೆಯ ಬಹುತೇಕ ಹುಡುಗರು ಗಲ್ಲಾ ಪೆಟ್ಟಿಗೆಯ ಹಿಂದೆ ಕೂರುವ ಕನಸು ಕಾಣುತ್ತಿದ್ದಾಗ ಇವರು ಡ್ರೈವಿಂಗ್ ಕಲಿತರು. ಕಾರಣ ಕೇಳಿದರೆ ಜಾರ್ಜ್ ಹೆಸರು ಹೇಳುತ್ತಿದ್ದರು. ಜಾರ್ಜ್ ಫರ್ನಾಂಡಿಸ್ ಮಂಗಳೂರಿನಿಂದ ಬಂದು ಚೌಪಾಟಿಯ ಬೆಂಚಿನ ಮೇಲೆ ಮಲಗಿ ದಿನ ಕಳೆದವರು, ಆಮೇಲೆ ಹೋಟೆಲ್ ಕಾರ್ಮಿಕರನ್ನೂ ಟ್ಯಾಕ್ಸಿಯವರನ್ನೂ ಸಂಘಟಿಸಿದವರು. 1967ರ ಚುನಾವಣೆಯಲ್ಲಿ ದಕ್ಷಿಣ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲರನ್ನು ಅವರು ಸೋಲಿಸಿದಾಗ ಅಪ್ಪಯ್ಯನ ಮತ ಆ ಕ್ಷೇತ್ರದಲ್ಲಿ ಇರಲೇ ಇಲ್ಲ. ಆದರೂ ಹದಿನೈದು ದಿನ ಭಾಡಾ ಬಿಟ್ಟು ಪ್ರಚಾರಕ್ಕೆ ತಿರುಗಿದರಂತೆ. ಆ ತಿಂಗಳು ಊರಿಗೆ ಮನಿಯಾರ್ಡರ್ ಬರಲಿಲ್ಲ ಎಂದು ಅಮ್ಮ ಕೊನೆಯವರೆಗೂ ಹೇಳುತ್ತಿದ್ದರು. ಮುಂದಿನ ವರ್ಷ ಜಾರ್ಜ್ ಕಾರ್ಮಿಕರಿಗಾಗಿ ಸಹಕಾರಿ ಬ್ಯಾಂಕೊಂದನ್ನು ಕಟ್ಟಿದರು. ಸೇಠನ ಗಾಡಿ ಓಡಿಸಿ ದಿನದ ಕೊನೆಗೆ ಚಿಲ್ಲರೆ ಎಣಿಸುತ್ತಿದ್ದವರಿಗೆ ಸ್ವಂತ ಟ್ಯಾಕ್ಸಿಗೆ ಸಾಲ ಸಿಗುವ ದಾರಿ ಅದು. 1971ರಲ್ಲಿ ಅಪ್ಪಯ್ಯನಿಗೆ ಸ್ವಂತ ಫಿಯೆಟ್ ಬಂತು. ಗಾಡಿಯ ಒಳಗೆ ಒಂದು ಕಡೆ ಕೊಲ್ಲೂರು ಮೂಕಾಂಬಿಕೆ, ಇನ್ನೊಂದು ಕಡೆ ಲಾಲ್‌ಬಾಗಿನ ಗಣಪತಿ.

ಇನ್ನು 1969ರ ಫೆಬ್ರವರಿಯ ಕತೆ. ಇದನ್ನು ನಾನು ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ, ಮತ್ತು ಪ್ರತಿ ಸಲವೂ ಅರ್ಧ ಮಾತ್ರ ಹೇಳಿದ್ದೇನೆ.

ಶಿವಸೇನೆ ಹುಟ್ಟಿ ಆಗ ಮೂರು ವರ್ಷವೂ ತುಂಬಿರಲಿಲ್ಲ. ದಕ್ಷಿಣದವರು ಮರಾಠಿ ಹುಡುಗರ ಕೆಲಸ ಕಸಿಯುತ್ತಾರೆ ಎನ್ನುವುದು ಅದರ ಮೊದಲ ಘೋಷಣೆ. ನಮ್ಮವರ ಲುಂಗಿ, ನಮ್ಮವರ ಇಡ್ಲಿ, ನಮ್ಮವರ ಟೈಪ್‌ರೈಟಿಂಗ್ ಎಲ್ಲವೂ ಭಾಷಣದ ವಸ್ತು. ಆ ಫೆಬ್ರವರಿಯಲ್ಲಿ ಬೆಳಗಾವಿಯ ಗಡಿ ವಿಷಯ ಎತ್ತಿಕೊಂಡು, ಉಪಪ್ರಧಾನಿ ಮೊರಾರ್ಜಿ ದೇಸಾಯಿಯವರ ಕಾರು ತಡೆಯಲು ಹೋದಲ್ಲಿಂದ ಶುರುವಾದ ಗಲಭೆ ಊರಿಡೀ ಹರಡಿತು. ಉಡುಪಿ ಹೋಟೆಲುಗಳ ಗಾಜು ಒಡೆದವು. ನನಗೆ ಏಳು ವರ್ಷ. ಊರಿನಿಂದ ಬಂದು ಒಂದು ವರ್ಷವಾಗಿತ್ತಷ್ಟೆ. ಬಾಗಿಲಿಗೆ ಅಗಳಿ ಹಾಕಿ, ಕನ್ನಡದಲ್ಲಿ ಮಾತಾಡಬೇಡಿ ಎಂದು ಅಮ್ಮ ನಮ್ಮ ಬಾಯಿಗೆ ಸೆರಗು ಒತ್ತಿ ಹಿಡಿದದ್ದು ನೆನಪಿದೆ. ಕೆಳಗೆ ಸೇಠನ ಟ್ಯಾಕ್ಸಿ ನಿಂತಿತ್ತು. ಅದರ ಗಾಜು ಹೋದರೆ ನಾವು ಎರಡು ತಿಂಗಳು ಗಂಜಿ ಕುಡಿಯಬೇಕು. ಆಗ ಪಕ್ಕದ ಖೋಲಿಯ ಮಾವಶಿಯ ದೊಡ್ಡ ಮಗ, ಹದಿನೇಳರ ಹುಡುಗ, ಬಾನೆಟ್ಟಿಗೆ ಬೆನ್ನು ಕೊಟ್ಟು ನಿಂತು "ಹೀ ಆಪಲೀ ಗಾಡಿ ಆಹೆ", ಇದು ನಮ್ಮದೇ ಗಾಡಿ, ಎಂದು ಕೂಗಿ ಗುಂಪನ್ನು ಮುಂದಕ್ಕೆ ಕಳಿಸಿದ.

ಸಭೆಗಳಲ್ಲಿ ನಾನು ಹೇಳುತ್ತಿದ್ದುದು ಇಷ್ಟೇ. ಮುಂಬಯಿಯ ದೊಡ್ಡ ಮನಸ್ಸು ಎಂದು ಜನ ಚಪ್ಪಾಳೆ ತಟ್ಟುತ್ತಿದ್ದರು. ಬಿಟ್ಟ ಅರ್ಧವೆಂದರೆ, ಅದೇ ಹುಡುಗ ಅದೇ ಬೆಳಿಗ್ಗೆ ಚಿಕ್ಕಪ್ಪ ಕೆಲಸ ಮಾಡುತ್ತಿದ್ದ ಹೋಟೆಲಿಗೆ ಕಲ್ಲು ತೂರಿದವರಲ್ಲಿ ಒಬ್ಬ. ಚಿಕ್ಕಪ್ಪ ಕಣ್ಣಾರೆ ನೋಡಿದ್ದರು. ಹಣೆಗೆ ಗಾಜು ತಾಗಿ ಮೂರು ಹೊಲಿಗೆ ಬಿದ್ದಿತ್ತು. ಆ ರಾತ್ರಿ ಮಾವಶಿ ಕೊಟ್ಟುಕಳಿಸಿದ ಭಾಕರಿಯನ್ನು ಚಿಕ್ಕಪ್ಪ ಮುಟ್ಟಲಿಲ್ಲ. ಅಪ್ಪಯ್ಯ ತಿಂದರು. ಅಣ್ಣತಮ್ಮಂದಿರ ನಡುವೆ ಆ ವಿಷಯ ಮತ್ತೆ ಬರಲಿಲ್ಲ, ಆದರೆ ಮಳೆಗಾಲ ಮುಗಿದದ್ದೇ ಚಿಕ್ಕಪ್ಪ ಹಾಸಿಗೆ ಸುತ್ತಿಕೊಂಡು ಹೋಟೆಲಿನ ಅಟ್ಟಕ್ಕೇ ಹೋದವರು ಎರಡು ವರ್ಷ ಬರಲಿಲ್ಲ. ಇಷ್ಟು ವರ್ಷ ಈ ಅರ್ಧವನ್ನು ಏಕೆ ಬಿಟ್ಟೆ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ಮುಂಬಯಿಯಲ್ಲಿ ಬಾಳಿದ ಕನ್ನಡಿಗರಿಗೆ ಊರನ್ನು ದೂರುವುದಕ್ಕೂ ಒಂದು ಸಂಕೋಚ ಇರುತ್ತದೆ. ಉಂಡ ಮನೆ ಎನ್ನುವ ಸಂಕೋಚ.

ಮರುವರ್ಷ ಜೂನ್‌ನಲ್ಲಿ ಕಮ್ಯುನಿಸ್ಟ್ ಶಾಸಕ ಕೃಷ್ಣ ದೇಸಾಯಿಯವರ ಕೊಲೆಯಾಯಿತು, ಅದೂ ನಮ್ಮ ಲಾಲ್‌ಬಾಗಿನಲ್ಲೇ. ಅವರ ಜಾಗಕ್ಕೆ ನಡೆದ ಉಪಚುನಾವಣೆಯಲ್ಲಿ ಸೇನೆಯ ವಾಮನರಾವ್ ಮಹಾಡಿಕ್ ಗೆದ್ದರು. ಗಿರಣಿಗಳ ಗೇಟಿನ ಮುಂದಿನ ಕೆಂಪು ಬಾವುಟಗಳು ಒಂದೊಂದಾಗಿ ಕೇಸರಿಯಾದವು. ಮಾವಶಿಯ ಮಗ ಸೇನೆಯ ಶಾಖೆಯಲ್ಲಿ ಬೆಳೆದ. ರೇಷನ್ ಕಾರ್ಡ್, ಗ್ಯಾಸ್ ಕನೆಕ್ಷನ್, ಆಸ್ಪತ್ರೆಯಲ್ಲಿ ಹಾಸಿಗೆ, ಯಾವುದಕ್ಕೂ ಜನ ಅವನ ಹತ್ತಿರ ಹೋಗುತ್ತಿದ್ದರು. 1991ರಲ್ಲಿ ಅಮ್ಮನಿಗೆ ರಾತ್ರಿ ಎರಡು ಗಂಟೆಗೆ ಹೊಟ್ಟೆನೋವು ಬಂದಾಗ ಆಸ್ಪತ್ರೆಯಲ್ಲಿ ಜಗಳವಾಡಿ ಸ್ಟ್ರೆಚರ್ ತರಿಸಿದವನೂ ಅವನೇ. 1995ರ ಚುನಾವಣೆಯಲ್ಲಿ ಅಪ್ಪಯ್ಯ ಸೇನೆಯ ಬಿಲ್ಲುಬಾಣಕ್ಕೆ ಮತ ಹಾಕಿದರು. ನಾನು ಬೆಂಕಿಯಾದೆ. ಎರಡು ವರ್ಷದ ಹಿಂದಷ್ಟೇ ಕೋಮುಗಲಭೆಯಲ್ಲಿ ಮುಂಬಯಿ ಹೊತ್ತಿ ಉರಿದಿತ್ತು, ನನ್ನ ಶಾಲೆಯ ಜವಾನರ ಮನೆ ಸುಟ್ಟಿತ್ತು. "ಜಾರ್ಜ್ ಎಲ್ಲಿ ಹೋದ್ರ್ ಅಪ್ಪಯ್ಯ?" ಎಂದು ಕೇಳಿದೆ. "ಜಾರ್ಜ್ ನಮ್ಮವ್ನೆ. ಆದ್ರೆ ರಾತ್ರಿ ಎರಡ್ ಗಂಟಿಗೆ ಬಾಗ್ಲ್ ಬಡ್ದ್ರೆ ಅವ ಬತ್ನಾ?" ಎಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಮೂರು ವರ್ಷದ ನಂತರ ಜಾರ್ಜೇ ಸೇನೆಯೂ ಇದ್ದ ಸರ್ಕಾರದಲ್ಲಿ ರಕ್ಷಣಾ ಮಂತ್ರಿಯಾದಾಗ ಅಪ್ಪಯ್ಯ ಏನೂ ಹೇಳದೆ ನನ್ನ ಕಡೆ ನೋಡಿ ಮೀಸೆಯಲ್ಲೇ ನಕ್ಕರು.

ಮಾವಶಿಯ ಗಂಡ ಕಾಕಾನ ವಿಷಯವನ್ನೂ ಹೇಳಬೇಕು. ಅವರು ಗಿರಣಿಯಲ್ಲಿ ನೇಕಾರರು. 1982ರ ಜನವರಿ 18ರಂದು ದತ್ತಾ ಸಾಮಂತರ ಮುಷ್ಕರ ಶುರುವಾಯಿತು. ಎರಡೂವರೆ ಲಕ್ಷ ಜನ ಕೆಲಸ ಬಿಟ್ಟು ಹೊರಗೆ ನಿಂತರು. ದಿನಕ್ಕೆ ಮೂರು ಪಾಳಿಗೆ ಕೂಗುತ್ತಿದ್ದ ಗಿರಣಿಯ ಭೋಂಗಾ ನಿಂತದ್ದರಿಂದ ನಮ್ಮ ಚಾಳಿನಲ್ಲಿ ಎಷ್ಟು ಗಂಟೆಯಾಯಿತು ಎಂದೇ ತಿಳಿಯುತ್ತಿರಲಿಲ್ಲ. ಆರು ತಿಂಗಳಾದ ಮೇಲೆ ಕಾಕಾ ಒಂದು ಬೆಳಗಿನ ಜಾವ ಬಕೆಟ್ ಹಿಡಿದು ಟ್ಯಾಕ್ಸಿ ತೊಳೆಯಲು ನಿಂತರು. ಯಾರೂ ಹೇಳಿರಲಿಲ್ಲ. ಅಪ್ಪಯ್ಯ ಎದ್ದು ಕೂತು, ಒಳಗಿನಿಂದಲೇ ಒದ್ದೆ ಗಾಜಿನ ಆಚೆ ಅವರನ್ನು ನೋಡಿದರಂತೆ. ಅವತ್ತಿನಿಂದ ದಿನಕ್ಕೆ ಎರಡು ರೂಪಾಯಿ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟಿರುತ್ತಿತ್ತು. ಕೈಯಿಂದ ಕೈಗೆ ಕೊಟ್ಟದ್ದಿಲ್ಲ. 1983ರಲ್ಲಿ ನಮಗೆ ಹೊಸ ಗಾಡಿ ಬಂತು. ಅಷ್ಟರಲ್ಲಿ ಫಿಯೆಟ್ಟಿಗೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರಾಗಿತ್ತು. ಕುರ್ಲಾದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಆ ಕಾರಿಗೆ ಕಾಯುವವರ ದೊಡ್ಡ ಪಟ್ಟಿಯೇ ಇರುತ್ತಿತ್ತು. ಅಪ್ಪಯ್ಯ ಅದನ್ನು ನೇರ ಮಾಟುಂಗಾದ ದೇವಸ್ಥಾನಕ್ಕೆ ಒಯ್ದು ಪೂಜೆ ಮಾಡಿಸಿದರು. ಚಾಳಿನ ಮುಂದೆ ತೆಂಗಿನಕಾಯಿ ಒಡೆಯಲಿಲ್ಲ, ಪೇಡೆ ಹಂಚಲಿಲ್ಲ. ಒಲೆ ಆರಿದ ಮನೆಗಳ ಮುಂದೆ ಬೇಡ ಎಂದರು. ಕಾಕಾ ಎಂದಿನ ಹಾಗೆ ಬೆಳಿಗ್ಗೆ ಬಂದು ಹೊಸ ಗಾಡಿಯನ್ನೂ ತೊಳೆದರು. ಗಿರಣಿ ಮತ್ತೆ ತೆರೆಯಲಿಲ್ಲ.

ಇಷ್ಟೆಲ್ಲ ಸೂಕ್ಷ್ಮ ಇದ್ದ ಮನುಷ್ಯ ಮನೆಯ ವಿಷಯದಲ್ಲಿ ಅಮ್ಮನ ಮಾತು ಒಂದು ದಿನವೂ ಕೇಳಲಿಲ್ಲ. ಇದನ್ನು ಬರೆಯುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ.

ಅಮ್ಮನಿಗೆ ಬೇಕಾಗಿದ್ದುದು ಮುಂಬಯಿಯಲ್ಲಿ ಒಂದು ಸೆಲ್ಫ್ ಕಂಟೇನ್ಡ್ ಖೋಲಿ. ಸಂಡಾಸ್ ಒಳಗೇ ಇರಬೇಕು, ಅಷ್ಟೇ. ಗ್ಯಾಲರಿಯಲ್ಲಿ ಡಬ್ಬ ಹಿಡಿದು ಗಂಡಸರ ಜೊತೆ ಸಾಲು ನಿಲ್ಲುವುದು ತಪ್ಪಬೇಕು. ಎಪ್ಪತ್ತರ ದಶಕದಲ್ಲಿ ನಮ್ಮ ಪರಿಚಯದವರು ಡೊಂಬಿವಲಿಯಲ್ಲಿ, ಮುಲುಂಡಿನಲ್ಲಿ ಸಣ್ಣ ಸಣ್ಣ ಮನೆ ಮಾಡಿಕೊಂಡು ಹೋಗುತ್ತಿದ್ದರು. ಅಪ್ಪಯ್ಯ ಮಾತ್ರ ಊರಿನಲ್ಲಿ ಮನೆ ಕಟ್ಟಿಸುತ್ತಿದ್ದರು. 1974ರಲ್ಲಿ ಪಾಯ ತೆಗೆಸಿದ್ದು ಮುಗಿದದ್ದು 1997ರಲ್ಲಿ. ಸೋದರಮಾವ ಇನ್‌ಲ್ಯಾಂಡ್ ಪತ್ರ ಬರೆಯುತ್ತಿದ್ದರು. ಕಲ್ಲು ಇಷ್ಟು ಬಂತು, ಮೇಸ್ತ್ರಿ ಜ್ವರ ಬಿದ್ದಿದ್ದಾನೆ, ಹಂಚಿನ ರೇಟು ಏರಿದೆ. ಆ ಪತ್ರಗಳನ್ನು ಅಪ್ಪಯ್ಯ ಟ್ಯಾಕ್ಸಿಯ ಸನ್‌ವೈಸರಿನಲ್ಲಿ ಸಿಕ್ಕಿಸಿಟ್ಟು, ಸಿಗ್ನಲ್ ಬಿದ್ದಾಗ ಓದುತ್ತಿದ್ದರು. ಹೀಗೆ ಹಾಜಿ ಅಲಿಯ ಸಿಗ್ನಲಿನಲ್ಲಿ ಒಂದು ಜಗಲಿ, ಸಯನ್ ಸರ್ಕಲ್ಲಿನಲ್ಲಿ ಒಂದು ಬಚ್ಚಲು ಎಂದು ಆ ಮನೆ ಎದ್ದಿತು. 1996ರಲ್ಲಿ ಲಾಲ್‌ಬಾಗಿನ ಖೋಲಿಯ ಪಾಗಡಿಯನ್ನೂ, ಅಂದರೆ ಬಾಡಿಗೆಯ ಹಕ್ಕನ್ನೂ, ಬಿಟ್ಟುಕೊಟ್ಟರು. ಬಂದ ಹಣದಲ್ಲಿ ರಿವಾಜಿನಂತೆ ಮೂರನೇ ಒಂದು ಪಾಲು ಮಾಲೀಕನಿಗೆ ಹೋಯಿತು. ಉಳಿದದ್ದು ಊರಿನ ಮನೆಯ ಟೆರೇಸಿಗೆ. ಅಪ್ಪಯ್ಯ ಅಮ್ಮ ನನ್ನ ಮನೆಗೆ ಬಂದರು. ಐವತ್ತೈದನೆಯ ವಯಸ್ಸಿನಲ್ಲಿ, ಅಳಿಯನ ಮನೆಯಲ್ಲಿ, ಅಮ್ಮನಿಗೆ ಒಳಗಿನ ಸಂಡಾಸ್ ಸಿಕ್ಕಿತು. ಮೊದಲ ವಾರ ರಾತ್ರಿ ಎದ್ದು ಸುಮ್ಮನೆ ಅದರ ದೀಪ ಹಾಕಿ ಆರಿಸಿ ಬರುತ್ತಿದ್ದರು.

ಕುಂದಾಪುರ, ಬೈಂದೂರು ಕಡೆ ಹೋದರೆ ಇಂಥ ಮನೆಗಳು ನಿಮಗೆ ಬೇಕಾದಷ್ಟು ಸಿಗುತ್ತವೆ. ಮುಂಬಯಿ ಹಣದಲ್ಲಿ ಕಟ್ಟಿದ, ಗೇಟಿಗೆ ಬೀಗ ಹಾಕಿದ, ದೀಪಾವಳಿಗೋ ನಾಗಪೂಜೆಗೋ ಎರಡು ದಿನ ತೆರೆಯುವ ಮನೆಗಳು. ಕೊಂಕಣ ರೈಲು 1998ರಲ್ಲಿ ಪೂರ್ತಿ ಓಡಲು ಶುರುವಾದಾಗ ಅಪ್ಪಯ್ಯ ಹುಮ್ಮಸ್ಸಿನಲ್ಲಿದ್ದರು. "ನಮ್ ಜಾರ್ಜ್ ತಂದದ್ದ್" ಎಂದು ಹೇಳುತ್ತಿದ್ದರು. ಜಾರ್ಜ್ ರೈಲ್ವೆ ಮಂತ್ರಿಯಾಗಿದ್ದಾಗಲೇ ಆ ಕೆಲಸಕ್ಕೆ ನಿಗಮ ಆದದ್ದು ನಿಜ. ಇನ್ನು ಮಧ್ಯಾಹ್ನ ಮತ್ಸ್ಯಗಂಧ ಹತ್ತಿದರೆ ಬೆಳಿಗ್ಗೆ ಊರು, ತಿಂಗಳಿಗೊಮ್ಮೆ ಹೋಗಬಹುದು ಎಂದರು. ಅಮ್ಮ ಒಪ್ಪಲಿಲ್ಲ. "ಅಲ್ಲ್ ನಂಗ್ ಯಾರಿದ್ರ್?" ಎಂದರು. ನನಗೆ ನೆನಪಿರುವಂತೆ ಅಪ್ಪಯ್ಯ ತಾನು ಕಟ್ಟಿಸಿದ ಆ ಮನೆಯಲ್ಲಿ ಮಲಗಿದ್ದು ಹೆಚ್ಚೆಂದರೆ ನಲವತ್ತು ರಾತ್ರಿ. ಟ್ಯಾಕ್ಸಿಯಲ್ಲಿ ಮಲಗಿದ್ದು ಇಪ್ಪತ್ತೈದು ವರ್ಷ. ಈಗ ಆ ಮನೆ ನಮ್ಮ ನಾಲ್ವರ ಹೆಸರಿನಲ್ಲಿದೆ. ಮಾರುವ ಮಾತು ಬಂದರೆ ತಂಗಿ ಅಳುತ್ತಾಳೆ, ಹೋಗಿ ಇರುವ ಮಾತು ಬಂದರೆ ನಾಲ್ವರೂ ಸುಮ್ಮನಾಗುತ್ತೇವೆ. ಲಾಲ್‌ಬಾಗಿನ ಚಾಳಿನ ಜಾಗದಲ್ಲಿ, ಕತ್ತು ಎತ್ತಿ ನೋಡಿದರೆ ನೋವು ಬರುವಷ್ಟು ಎತ್ತರದ ಕಟ್ಟಡ ಎದ್ದಿದೆ.

ನನ್ನ ತಪ್ಪೂ ಇದೆ. ಕಾಲೇಜಿನ ಫಾರಂನಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ನಾನು ಬಿಸಿನೆಸ್ ಎಂದು ಬರೆದಿದ್ದೆ. ಅದಕ್ಕೆ ಸಹಿ ಹಾಕುವಾಗ ಅಪ್ಪಯ್ಯ ಆ ಶಬ್ದದ ಮೇಲೆ ಬೆರಳಿಟ್ಟು ಓದಿದ್ದರು.

ಈಗ ನನ್ನ ಮಗ ಎಲ್ಲರಿಗೂ ಹೇಳುತ್ತಾನೆ, ನಮ್ಮ ಮನೆಯಲ್ಲಿ ಮೊದಲು ಗ್ರೀನ್ ಗಾಡಿ ಓಡಿಸಿದವರು ಅಜ್ಜ ಎಂದು. ಆ ಭಾನುವಾರದ ಮೀಟಿಂಗಿನಲ್ಲೂ ಹೇಳಿದ. ಪಾಪ, ಅವನ ನೆನಪಿನಲ್ಲಿ ಅದು ಹಾಗೆಯೇ ಇದೆ. ಅಜ್ಜನ ಟ್ಯಾಕ್ಸಿ ಗ್ಯಾಸಿಗೆ ಬದಲಾದಾಗ ಅವನಿಗೆ ಹದಿಮೂರು ವರ್ಷ, ಅವರ ಜೊತೆ ರಾತ್ರಿ ಗ್ಯಾಸ್ ಪಂಪಿನ ಸಾಲಿನಲ್ಲಿ ಕೂರಲು ಹಟ ಮಾಡಿ ಹೋಗುತ್ತಿದ್ದ. ಸಾಲು ಒಂದೊಂದು ಸಲ ಮೂರು ಗಂಟೆ. ಗಾಡಿಯನ್ನು ಆಫ್ ಮಾಡಿ ತಳ್ಳಿಕೊಂಡು ಮುಂದೆ ಹೋಗುವುದು, ನಡುವೆ ವಡಾಪಾವ್, ಬಿಹಾರದ ಡ್ರೈವರುಗಳ ಕತೆ. ಅವನಿಗೆ ಅದು ಹಬ್ಬ.

ನನಗೆ ನೆನಪಿರುವುದು ಬೇರೆ. ಸ್ಮೋಕ್ ಅಫೆಕ್ಟೆಡ್ ರೆಸಿಡೆಂಟ್ಸ್ ಫೋರಂ ಎಂಬ ಸಂಘಟನೆ 1999ರಲ್ಲಿ ಹೈಕೋರ್ಟಿಗೆ ಹೋಯಿತು. ಅಲ್ಲಿಂದ ಬಂದ ಆದೇಶಗಳಿಂದಾಗಿ ಹಳೆಯ ಟ್ಯಾಕ್ಸಿಗಳು ಗ್ಯಾಸಿಗೆ ಬದಲಾಗದೆ ಬೇರೆ ದಾರಿ ಇರಲಿಲ್ಲ. ಅಪ್ಪಯ್ಯ ಜಡ್ಜರನ್ನು, ಬಿಳಿ ಕಾಲರಿನ ಜನರನ್ನು, ಹೊಗೆಯನ್ನು ಎಲ್ಲವನ್ನೂ ಸೇರಿಸಿ ಬೈದರು. ಎಸಿ ಕಾರಿನಲ್ಲಿ ಕೂತವರಿಗೆ ಹೊಗೆ ಕಾಣುತ್ತದೆ, ಅದರೊಳಗೆ ನಲವತ್ತು ವರ್ಷ ಕೂತವನು ಕಾಣುವುದಿಲ್ಲ ಎಂದರು. ಆ ಮಾತು ತಪ್ಪಲ್ಲ. ಕಿಟ್ಟಿಗೆ ಮೂವತ್ತು ಸಾವಿರಕ್ಕೂ ಮೇಲೆ. ಅಮ್ಮನ ಎರಡು ಬಳೆ ಹೋದವು. ಡಿಕ್ಕಿಯನ್ನು ಸಿಲಿಂಡರ್ ನುಂಗಿತು, ಪ್ಯಾಸೆಂಜರುಗಳ ಪೆಟ್ಟಿಗೆ ಕ್ಯಾರಿಯರಿಗೆ ಏರಿತು. ಪೆಡ್ಡರ್ ರೋಡಿನ ಏರಿನಲ್ಲಿ ಗಾಡಿ ಮುದುಕನ ಹಾಗೆ ಏದುಸಿರು ಬಿಡುತ್ತಿತ್ತು.

ಆದರೆ ಇದಕ್ಕೂ ಒಂದು ಉಳಿದ ಅರ್ಧವಿದೆ. ಅಪ್ಪಯ್ಯನ ಕರ್ಚೀಫುಗಳನ್ನು ಅಮ್ಮ ಯಾವತ್ತೂ ಬೇರೆ ಬಕೆಟಿನಲ್ಲಿ ನೆನೆಸುತ್ತಿದ್ದರು. ಸಂಜೆಯಾಗುವಷ್ಟರಲ್ಲಿ ಅವು ಕಾಡಿಗೆ ಒರೆಸಿದ ಹಾಗೆ ಆಗಿರುತ್ತಿದ್ದವು. ಗ್ಯಾಸ್ ಹಾಕಿಸಿ ಒಂದೆರಡು ವರ್ಷವಾದ ಮೇಲೆ, ಊರಿನ ಟ್ಯಾಕ್ಸಿಗಳೆಲ್ಲ ಬದಲಾದ ಮೇಲೆ, ಒಂದು ದಿನ ಬಟ್ಟೆ ಒಣಹಾಕುತ್ತ, "ಹ್ವಾಯ್, ಕರ್ಚೀಫ್ ಈಗ ಅಷ್ಟ್ ಕಪ್ಪಾತಿಲ್ಲೆ" ಎಂದರು. ಅಪ್ಪಯ್ಯ 'ಉದಯವಾಣಿ' ಓದುತ್ತಿದ್ದವರು ಪುಟ ತಿರುಗಿಸಿದರು. ಅವರ ಶ್ವಾಸಕೋಶ ಅಷ್ಟರಲ್ಲಿ ಮುಗಿದಿತ್ತು. ಇಪ್ಪತ್ತೈದು ವರ್ಷ ದಾಟಿದ ಟ್ಯಾಕ್ಸಿ ಓಡಿಸುವಂತಿಲ್ಲ ಎಂಬ ನಿಯಮ ಬಂದು 2008ರಲ್ಲಿ ಗಾಡಿ ಕುರ್ಲಾದ ಗುಜರಿಗೆ ಹೋಯಿತು, ಅದು ಹುಟ್ಟಿದ ಊರಿಗೇ. ಆ ಕಾರ್ಖಾನೆಯ ಜಾಗದಲ್ಲೂ ಈಗ ವಸತಿ ಕಟ್ಟಡಗಳಿವೆ. ಅಪ್ಪಯ್ಯ ಉಳಿಸಿಕೊಂಡದ್ದು ಮೀಟರ್ ಒಂದನ್ನು, ಎಡಗಡೆ ಹೊರಗೆ ಕೂರುತ್ತಿದ್ದ, ಕೈ ಚಾಚಿ ಬಾವುಟ ತಿರುಗಿಸುವ ಮೀಟರ್. ಮರುವರ್ಷ ಅವರೂ ಹೋದರು. 2023ರ ಅಕ್ಟೋಬರ್ ಕೊನೆಗೆ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿಯಿತು ಎಂದು ಪತ್ರಿಕೆಗಳಲ್ಲಿ ಫೋಟೋ ಬಂದಾಗ ಮಗ ಆ ಮೀಟರನ್ನು ಹೊರಗೆ ತೆಗೆದು ಒರೆಸಿ ಟಿವಿಯ ಪಕ್ಕ ಇಟ್ಟ. ಅದೇ ವಾರ ಕರೆಂಟಿನ ಕಾರಿನ ವಿಷಯ ಮೊದಲ ಬಾರಿಗೆ ಎತ್ತಿದ.

ಕಾರು ಚೆನ್ನಾಗಿದೆ. ಸದ್ದಿಲ್ಲ, ಹೊಗೆಯಿಲ್ಲ. ಕೂತರೆ ದೇವರ ಕೋಣೆಯಲ್ಲಿ ಕೂತ ಹಾಗೆ. ಮಗನ ಉತ್ಸಾಹ ನೋಡಿ ನಾನು ಸುಮ್ಮನಿರಬಹುದಿತ್ತು, ಟೀಚರ್ ಬುದ್ಧಿ ಬಿಡುವುದಿಲ್ಲ. "ಹೊಗೆ ಎಲ್ಲಿಗೆ ಹೋಯ್ತು?" ಎಂದು ಕೇಳಿದೆ. ನಮ್ಮ ಜಿಲ್ಲೆಯ ಎಲ್ಲೂರಿನಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಬೇಡವೆಂದು ಜನ ವರ್ಷಗಟ್ಟಲೆ ಹೋರಾಡಿದರು. ಹಾರುಬೂದಿ ಮಲ್ಲಿಗೆ ಗಿಡದ ಮೇಲೆ ಕೂರುತ್ತದೆ ಎಂದು ಅಳುತ್ತಿದ್ದರು. ಅಲ್ಲಿನ ಕರೆಂಟು ಮುಲುಂಡಿಗೆ ಬರುವುದಿಲ್ಲ, ಒಪ್ಪಿದೆ. ಮುಲುಂಡಿಗೆ ಬರುವ ಕರೆಂಟಿಗೂ ಎಲ್ಲೋ ಒಂದು ಎಲ್ಲೂರು ಇದ್ದೇ ಇರುತ್ತದೆ. ಮಗ ಸಿಟ್ಟಾಗಲಿಲ್ಲ. ಅದಕ್ಕೇ ಹೊಸ ಕಟ್ಟಡದ ಮೇಲೆ ಸೋಲಾರ್ ಹಾಕಿಸೋಣ ಎನ್ನುತ್ತಿರುವುದು ಎಂದ. ಊರಿನ ಮನೆಯ ಟೆರೇಸಿಗೂ ಹಾಕಿಸಬಹುದು ಎಂದು ಸೇರಿಸಿದ. ಆ ಟೆರೇಸಿಗೆ ಇಷ್ಟು ವರ್ಷದಲ್ಲಿ ಯಾರಾದರೂ ಒಂದು ಉಪಯೋಗ ಹೇಳಿದ್ದು ಅದೇ ಮೊದಲು.

ಮೀಟಿಂಗ್ ರಾತ್ರಿ ಹತ್ತರವರೆಗೆ ನಡೆಯಿತು. ಚಾರ್ಜಿಂಗ್ ಪಾಯಿಂಟಿನ ಖರ್ಚು ಯಾರದು, ಬೆಂಕಿ ಹತ್ತಿದರೆ ಯಾರು ಹೊಣೆ, ಕಾರೇ ಇಲ್ಲದವರು ಏಕೆ ಕೊಡಬೇಕು ಎಂದು ವಾದವೋ ವಾದ. ಲಾಲ್‌ಬಾಗಿನಲ್ಲಿ ನಲ್ಲಿಯ ಮುಂದೆ ಕೇಳುತ್ತಿದ್ದ ಜಗಳವೇ, ಭಾಷೆ ಮಾತ್ರ ಇಂಗ್ಲಿಷ್. ಕೊನೆಗೆ ಕೈ ಎತ್ತಿಸಿದರು. ನಾನೂ ಎತ್ತಿದೆ. ಮಗ ನನ್ನನ್ನು ನೋಡಿ ಹಿಗ್ಗಿದ. ಕಾರಿಗಿಂತ ಹೆಚ್ಚಾಗಿ ಆ 148 ಚದರ ಅಡಿಗೆ ನಾನು ಕೈ ಎತ್ತಿದ್ದು ಎಂದು ಅವನಿಗೆ ಹೇಳಲಿಲ್ಲ.

ಮರುದಿನ ಸಂಜೆ ಮೊಮ್ಮಗಳನ್ನು ಕರೆದುಕೊಂಡು ಟೆರೇಸಿಗೆ ಹೋದೆ. ಅವಳಿಗೆ ಏಳು ವರ್ಷ. ಅವಳ ಅಮ್ಮನ ಗುಜರಾತಿ, ಶಾಲೆಯ ಇಂಗ್ಲಿಷ್, ಕೆಳಗಿನ ಮಕ್ಕಳ ಮರಾಠಿ, ನನ್ನ ಕನ್ನಡ ಎಲ್ಲ ಒಂದೇ ವಾಕ್ಯದಲ್ಲಿ ಬರುತ್ತವೆ. ನನ್ನ ಹಳೆಯ ಡಬ್ಬಿಯಲ್ಲಿ ಇನ್ನೂ ಸೀಮೆಸುಣ್ಣ ಉಳಿದಿದೆ. ಅಳತೆಯ ಟೇಪ್ ಹಿಡಿದು ಹತ್ತು ಬೈ ಹನ್ನೆರಡು ಗೆರೆ ಎಳೆದೆ. ಮೂಲೆಯಲ್ಲಿ ಮೋರಿ, ಪಕ್ಕದಲ್ಲಿ ಸ್ಟವ್, ಬಾಗಿಲಿನ ಬಳಿ ಟ್ರಂಕು. ಇಲ್ಲಿ ನಾನು, ಇಲ್ಲಿ ತಂಗಿ, ಇಲ್ಲಿ ತಮ್ಮಂದಿರು, ಇಲ್ಲಿ ಮುತ್ತಜ್ಜಿ, ಇಲ್ಲಿ ಕಾಲು ಮಡಿಚಿ ಚಿಕ್ಕಜ್ಜ. ಅವಳು ಪ್ರತಿಯೊಬ್ಬರ ಜಾಗದಲ್ಲೂ ಮಲಗಿ ಎದ್ದಳು. ಫ್ರಾಕಿನ ತುಂಬ ಸುಣ್ಣ.

"ಮುತ್ತಜ್ಜ?"

"ಅವರು ಹೊರಗೆ. ಟ್ಯಾಕ್ಸಿಯಲ್ಲಿ."

ಸೀಮೆಸುಣ್ಣ ಕಿತ್ತುಕೊಂಡು ಗೆರೆಯ ಹೊರಗೆ ಟ್ಯಾಕ್ಸಿ ಬರೆಯಲು ಕೂತಳು. ನಾಲ್ಕು ಚಕ್ರ ಸಾಲದೆಂದು ಐದು ಹಾಕಿದಳು. ಅಷ್ಟರಲ್ಲಿ ಟಾಂಕಿಯ ನೀರು ನೋಡಲು ಸೆಕ್ರೆಟರಿ ಮೇಲೆ ಬಂದರು. ನಾಳೆ ಬಿಲ್ಡರನ ಸರ್ವೇಯರ್ ಬರುತ್ತಾನೆ, ಇದೆಲ್ಲ ಒರೆಸಬೇಕು ಟೀಚರ್ ಎಂದು ಹೇಳುತ್ತ, ಒಡೆಯಲಿರುವ ಟೆರೇಸನ್ನು ಒರೆಸುವುದೇತಕ್ಕೆ ಎಂದು ತಮಗೇ ಹೊಳೆದು ನಕ್ಕು, ಹತ್ತಿರದ ದಾರಿಯೆಂದು ನೇರ ಟ್ರಂಕಿನ ಮೇಲೆ ಹಾಯ್ದು, ಅಮ್ಮ ಮಲಗುತ್ತಿದ್ದ ಜಾಗದಲ್ಲಿ ಬೂಟು ಹಾಕಿಕೊಂಡೇ ನಿಂತರು.

"ಅಂಕಲ್," ಮೊಮ್ಮಗಳು ತಲೆ ಎತ್ತದೆ ಹೇಳಿದಳು, "ಚಪ್ಪಲ್ ಬಾಹೇರ್."